ಮೊದಲು ಮದ್ದು, ಆಮೇಲೆ ಕಾರಣ

ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ 1931ರಲ್ಲಿ ಸರ್ಪಗಂಧದ ಬೇರಿನ ಬಗ್ಗೆ ಬರೆದರು: ಏರಿದ ರಕ್ತದೊತ್ತಡವನ್ನೂ ಉನ್ಮಾದದ ಆರ್ಭಟವನ್ನೂ ಅದು ಇಳಿಸುತ್ತದೆ. ನಮ್ಮ ಪಶ್ಚಿಮಘಟ್ಟದಲ್ಲೂ ಬೆಳೆಯುವ ಗಿಡವದು. ಸ್ವಿಟ್ಜರ್ಲೆಂಡಿನ ಸಿಬಾ ಕಂಪನಿ 1952ರಲ್ಲಿ ಅದರಿಂದ ರಿಸರ್ಪಿನ್ ಬೇರ್ಪಡಿಸಿತು. ಅದೇ ವರ್ಷ ಪ್ಯಾರಿಸ್ಸಿನಲ್ಲಿ ಡಿಲೇ ಮತ್ತು ಡೆನಿಕರ್ ಎಂಬ ವೈದ್ಯರು, ಶಸ್ತ್ರಚಿಕಿತ್ಸೆಯ ವೇಳೆ ಬಳಸಲಾಗುತ್ತಿದ್ದ ಕ್ಲೋರ್‌ಪ್ರೊಮಜೈನನ್ನು ಮನೋರೋಗಿಗಳಿಗೆ ಕೊಟ್ಟರು. ಯಾರೂ ಇಲ್ಲದೆಡೆ ದನಿ ಕೇಳಿಸುತ್ತಿದ್ದವರು, ತಮ್ಮ ಮೇಲೆ ಸಂಚು ನಡೆದಿದೆಯೆಂದು ಹೆದರುತ್ತಿದ್ದವರು ಚೇತರಿಸಿಕೊಂಡರು. ಹೇಗೆಂದು ಯಾರಿಗೂ ತಿಳಿದಿರಲಿಲ್ಲ.

ಸುಳಿವು ಸಿಕ್ಕಿದ್ದು ಮೊಲಗಳಿಂದ. 1957ರಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ರಿಸರ್ಪಿನ್ ಕೊಟ್ಟಾಗ ಮೊಲಗಳು ಅಲುಗಾಡದೆ ಕೂತುಬಿಟ್ಟವು. ಡೋಪಮೈನ್ ಎಂಬ ಮಿದುಳಿನ ರಾಸಾಯನಿಕ ತಯಾರಾಗಲು ಬೇಕಾದ ಎಲ್-ಡೋಪಾ ಚುಚ್ಚಿದ್ದೇ ಮತ್ತೆ ಓಡಾಡತೊಡಗಿದವು. ಕ್ಲೋರ್‌ಪ್ರೊಮಜೈನ್ ರಿಸರ್ಪಿನ್ನಿನಂತೆ ಡೋಪಮೈನನ್ನು ಬರಿದು ಮಾಡುವುದಿಲ್ಲ, ಅದನ್ನು ಬರಮಾಡಿಕೊಳ್ಳುವ ಗ್ರಾಹಕಗಳಿಗೆ ಅಡ್ಡ ನಿಲ್ಲುತ್ತದೆ ಎಂಬ ಊಹೆ 1963ರಲ್ಲಿ ಬಂತು. ಎಪ್ಪತ್ತರ ದಶಕದ ಹೊತ್ತಿಗೆ ಸೀಮನ್ ಮತ್ತು ಸ್ನೈಡರ್ ಎಂಬ ಸಂಶೋಧಕರು ಲೆಕ್ಕ ಕೂಡಿಸಿದರು: ಗ್ರಾಹಕವನ್ನು ಬಿಗಿಯಾಗಿ ಹಿಡಿಯುವ ಮದ್ದು ಕಡಿಮೆ ಪ್ರಮಾಣದಲ್ಲೇ ಸಾಕಾಗುತ್ತದೆ. ಡೋಪಮೈನ್ ಹೆಚ್ಚಿಸುವ ಆಂಫೆಟಮೈನ್ ಅತಿಯಾದರೆ ಸಂಶಯ, ಭ್ರಮೆ ಕಾಣಿಸಿಕೊಳ್ಳುವುದೂ ಇದಕ್ಕೆ ಹೊಂದಿತು.

ಹಾಗಾಗಿಯೇ ಇಂದಿಗೂ ಇಂಥ ರೋಗಿಗಳ ಮನೆಯವರಿಗೆ "ಮಿದುಳಲ್ಲಿ ಕೆಮಿಕಲ್ ಏರುಪೇರಾಗಿದೆ" ಎಂಬ ವಿವರಣೆ ಸಿಗುತ್ತದೆ. ದೆವ್ವ, ಮಾಟ, ತಾಯಿ ಬೆಳೆಸಿದ ರೀತಿ ಎಂಬೆಲ್ಲ ಆರೋಪಗಳಿಂದ ಅದು ಬಿಡಿಸುತ್ತದೆ. ಆ ಉಪಕಾರ ಸಣ್ಣದಲ್ಲ. ಆದರೆ ಮದ್ದು ಹಿಡಿದ ಜಾಗವೇ ರೋಗದ ಮೂಲವೆಂದು ನಂಬಿದ್ದು ಅವಸರವಾಯಿತು ಎನ್ನದೆ ವಿಧಿಯಿಲ್ಲ.

ಮಾತ್ರೆ ಕೆಲವೇ ಗಂಟೆಗಳಲ್ಲಿ ಗ್ರಾಹಕವನ್ನು ತಡೆಯುತ್ತದೆ. ಭ್ರಮೆ ಪೂರ್ತಿ ಸಡಿಲಗೊಳ್ಳಲು ವಾರಗಳೇ ಬೇಕು. ಮಾತು, ಆಸಕ್ತಿ, ಸ್ನಾನ ಎಲ್ಲ ಬಿಟ್ಟು ಮೂಲೆ ಹಿಡಿದವರಿಗೆ ಮಾತ್ರೆಯಿಂದ ಆಗುವ ಪ್ರಯೋಜನ ಅಲ್ಪ. ಕೆಟಮೈನ್ ಎಂಬ ಅರಿವಳಿಕೆ ಮದ್ದಾದರೋ ಆರೋಗ್ಯವಂತರಲ್ಲೂ ಭ್ರಮೆಯ ಜೊತೆಗೆ ಆ ಮಂಕನ್ನೂ ಕೊಂಚ ಹೊತ್ತು ತರಬಲ್ಲದು; ಅದು ತಾಗುವುದು ಗ್ಲುಟಮೇಟ್ ಎಂಬ ಬೇರೆಯೇ ರಾಸಾಯನಿಕದ ಗ್ರಾಹಕಕ್ಕೆ. ಬೇರೆ ಮಾತ್ರೆಗಳಿಗೆ ಬಗ್ಗದ ರೋಗಕ್ಕೆ ಕ್ಲೋಜಪೈನ್ ಉತ್ತಮವೆಂದು 1988ರ ಅಧ್ಯಯನ ತೋರಿಸಿತು. ವಿಚಿತ್ರವೆಂದರೆ, ಡೋಪಮೈನ್ ಗ್ರಾಹಕದ ಮೇಲೆ ಅದರ ಹಿಡಿತ ಸಡಿಲ. ಬಿಳಿ ರಕ್ತಕಣ ಕುಸಿಯುವ ಅಪಾಯವಿರುವುದರಿಂದ ರಕ್ತಪರೀಕ್ಷೆಯೂ ಬೇಕು.

ಪಿಇಟಿ ಸ್ಕ್ಯಾನುಗಳು ಡೋಪಮೈನನ್ನು ಪೂರ್ತಿ ಕೈಬಿಟ್ಟಿಲ್ಲ. ಹಲವು ರೋಗಿಗಳಲ್ಲಿ ಮಿದುಳಿನ ಆಳದ ಸ್ಟ್ರಯೇಟಮ್ ಭಾಗದಲ್ಲಿ ಅದರ ತಯಾರಿಕೆ ಹೆಚ್ಚಿರುವುದು ಕಂಡಿದೆ, ಎಲ್ಲರಲ್ಲೂ ಅಲ್ಲ. 2024ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಹೊಸ ಮದ್ದಿನಲ್ಲಿರುವ ಕ್ಸನೋಮೆಲಿನ್, ಡೋಪಮೈನ್ ಗ್ರಾಹಕವನ್ನು ನೇರವಾಗಿ ಮುಟ್ಟದೆ ಅಸಿಟೈಲ್‌ಕೋಲಿನ್ ಎಂಬ ಮತ್ತೊಂದು ರಾಸಾಯನಿಕದ ಮಸ್ಕರಿನಿಕ್ ಗ್ರಾಹಕಗಳನ್ನು ಚುರುಕುಗೊಳಿಸುತ್ತದೆ. ತೊಂಬತ್ತರ ದಶಕದಲ್ಲಿ ಅದನ್ನು ಪರೀಕ್ಷಿಸಿದ್ದು ಆಲ್‌ಝೈಮರ್ ಮರೆವಿಗೆ; ಭ್ರಮೆ ತಗ್ಗಿದ್ದು ಆಗಲೇ ಕಣ್ಣಿಗೆ ಬಿದ್ದಿತ್ತು. ವಾಂತಿ, ಹೊಟ್ಟೆಯ ಕಾಟದಿಂದ ಮೂಲೆಗೆ ಸರಿದಿದ್ದ ಅದನ್ನು ಮರಳಿ ತಂದದ್ದು ಜೊತೆಗೆ ಸೇರಿಸಿದ ಟ್ರಾಸ್ಪಿಯಂ. ಅದು ಮಿದುಳಿಗೆ ಹೆಚ್ಚು ನುಗ್ಗದೆ, ಆ ಕಾಟವನ್ನು ಹೊಟ್ಟೆಯ ಮಟ್ಟದಲ್ಲೇ ತಗ್ಗಿಸುತ್ತದೆ.