ಆಕಾಶದಲ್ಲಿ ಗೆರೆ ಬೀಳದ ಹಾಗೆ

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯಕ್ಕೆ ಶಿಖರವಿಲ್ಲ. ಮಾದಿಹಳ್ಳಿ ಕಡೆಯಿಂದ ಬಂದು, ಹುಲ್ಲುಹಾಸಿನ ಈಚೆಗೇ ನಿಂತು ದೊಡ್ಡ ಕ್ಯಾಮೆರಾ ಹೂಡಿದರೆ ಗಾಜಿನ ಮೇಲೆ ಮೂಡುವ ಚಿತ್ರದಲ್ಲಿ ಅರ್ಧ ಕೆತ್ತನೆ, ಅರ್ಧ ಬೋಳು ಆಕಾಶ. ಫಿಲ್ಮ್ ತೊಳೆಯುವವರ ನಿದ್ದೆ ಕೆಡಿಸುವುದು ಈ ಆಕಾಶ. ಆನೆ, ಕುದುರೆ, ಬಳ್ಳಿಗಳ ಸಂದಣಿಯಲ್ಲಿ ಎಂಥ ಕಲೆಯೂ ಅಡಗಿಬಿಡುತ್ತದೆ. ಖಾಲಿ ಆಕಾಶದಲ್ಲಾದರೆ ಒಂದು ಮಸುಕು ಪಟ್ಟೆ ಬಿದ್ದರೂ ಮುಚ್ಚಿಡುವಂತಿಲ್ಲ.

ಈ ತಲೆನೋವು ಇಲ್ಲಿಗೆ ಬಂದದ್ದು ಕ್ಯಾಮೆರಾದ ಜೊತೆಗೇ. 1854ರ ಡಿಸೆಂಬರಿನಲ್ಲಿ ಮದ್ರಾಸ್ ಸೇನೆಯ ಲಿನೇಯಸ್ ಟ್ರೈಪ್ ಮತ್ತು ವೈದ್ಯ ಆಂಡ್ರ್ಯೂ ನೀಲ್ ಬೇಲೂರು, ಹಳೇಬೀಡುಗಳನ್ನು ಚಿತ್ರಿಸಿದರು. 1856ರಲ್ಲಿ ಬಂದ ರಿಚರ್ಡ್ ಬ್ಯಾನರ್ ಓಕ್ಲಿ 1859ರಲ್ಲಿ ಹಳೇಬೀಡಿನ ಮೇಲೆಯೇ ಒಂದು ಚಿತ್ರಸಂಪುಟ ಹೊರತಂದ. ನೀಲ್ ತೆಗೆದ ಚಿತ್ರಗಳು 1866ರಲ್ಲಿ ಧಾರವಾಡ–ಮೈಸೂರು ವಾಸ್ತುಶಿಲ್ಪದ ದೊಡ್ಡ ಗ್ರಂಥದಲ್ಲಿ ಸೇರಿದವು. ಆ ಕಾಲದ ಮೇಣ ಹಚ್ಚಿದ ಕಾಗದದ ನೆಗೆಟಿವ್ ಗ್ಯಾಲಿಕ್ ಆಮ್ಲದಲ್ಲಿ ಗಂಟೆಗಟ್ಟಲೆ ನೆನೆಯಬೇಕಿತ್ತು. ಕಾಗದದಡಿ ಗಾಳಿಗುಳ್ಳೆ ಸಿಕ್ಕಿಕೊಂಡರೆ ಅಲ್ಲೊಂದು ಚುಕ್ಕೆ ಖಾಯಂ. ಟ್ರೈಪ್ ಮುಂದೆ ಬರ್ಮಾದ ಚಿತ್ರಗಳಲ್ಲಿ ನೆಗೆಟಿವ್‌ನ ಆಕಾಶಕ್ಕೆ ಬಣ್ಣ ಹಚ್ಚಿ ಮೋಡವನ್ನೇ ಬರೆದ. ಜಾಣ.

ಪಟ್ಟೆ ಬೀಳುವುದೇಕೆ? ಫಿಲ್ಮ್ ತೊಳೆಯುವ ಡೆವಲಪರ್ ದ್ರಾವಣವನ್ನು ಅಲುಗಿಸದೆ ಬಿಟ್ಟರೆ ಆಗುವುದಿಷ್ಟು. ಡೆವಲಪರ್ ಫಿಲ್ಮಿನ ಸಿಲ್ವರ್ ಬ್ರೋಮೈಡನ್ನು ಬೆಳ್ಳಿಯಾಗಿಸುವಾಗ ಬ್ರೋಮೈಡ್ ಹೊರಬೀಳುತ್ತದೆ, ಮತ್ತು ಅದೇ ಮುಂದಿನ ಕೆಲಸಕ್ಕೆ ತಡೆಯಾಗುತ್ತದೆ. ಆಕಾಶದಂತೆ ಬೆಳಕು ಹೆಚ್ಚು ಬಿದ್ದ ಕಡೆ ಡೆವಲಪರ್ ಬೇಗ ಸೋಲುತ್ತದೆ. ಹಾಳೆ ನೆಟ್ಟಗೆ ನಿಂತಿದ್ದರೆ ಈ ಸೋತ, ಭಾರದ ದ್ರಾವಣ ಕೆಳಗೆ ಜಾರುತ್ತಾ ದಾರಿಯುದ್ದಕ್ಕೂ ಗೆರೆ ಎಳೆದು ಹೋಗುತ್ತದೆ. ಹಾಗೆಂದು ಒಂದೇ ತಾಳದಲ್ಲಿ ಅಲುಗಿಸಿದರೂ ಕಷ್ಟವೇ. ದ್ರಾವಣ ಒಂದೇ ಜಾಡಿನಲ್ಲಿ ಹರಿದು ಬೇರೆ ಪಟ್ಟೆ ಮೂಡಿಸುತ್ತದೆ.

1871ರಲ್ಲಿ ರಿಚರ್ಡ್ ಲೀಚ್ ಮ್ಯಾಡಾಕ್ಸ್ ಜೆಲಾಟಿನ್ ಒಣ ಪ್ಲೇಟಿನ ದಾರಿ ತೋರಿದ ಮೇಲೆ ಟ್ರೇ ರಾಜ್ಯಭಾರ ಶುರುವಾಯಿತು. ಮೂಲೆಯೊಂದನ್ನು ಎತ್ತಿ ಇಳಿಸುವುದು, ಮತ್ತೊಂದು ಮೂಲೆ, ಮತ್ತೆ ಮೊದಲನೆಯದು. ಶೀಟ್ ಫಿಲ್ಮ್ ಬಂದ ಮೇಲೆ ನಾಲ್ಕೈದು ಹಾಳೆಗಳನ್ನು ಒಟ್ಟಿಗೆ ಮುಳುಗಿಸಿ ಅಡಿಯದನ್ನು ಮೇಲಕ್ಕೆ ತರುತ್ತಾ ಹೋಗುವ ಕೈಚಳಕ. ಕಡುಗತ್ತಲಲ್ಲಿ, ನೆನೆದು ಮೆದುವಾದ ಹಾಳೆಗೆ ಪಕ್ಕದ ಹಾಳೆಯ ಮೂಲೆ ತಾಗಿದರೆ ಮುಗಿಯಿತು. ಇನ್ನೊಂದು ದಾರಿ ಎಕ್ಸ್‌ರೇ ಕೋಣೆಯಲ್ಲಿ ಅನೇಕರು ಕಂಡದ್ದೇ: ಸ್ಟೀಲ್ ಚೌಕಟ್ಟಿಗೆ ಫಿಲ್ಮ್ ಸಿಕ್ಕಿಸಿ ತೊಟ್ಟಿಯಲ್ಲಿ ಇಳಿಬಿಡುವುದು, ನಿಮಿಷಕ್ಕೊಮ್ಮೆ ಎತ್ತಿ ಓರೆ ಮಾಡಿ ಬಸಿಯುವುದು. ಚೌಕಟ್ಟಿನ ಅಂಚಿನಲ್ಲಿ ತೂತುಗಳಿದ್ದರೆ ಅಲ್ಲಿಂದ ನುಗ್ಗುವ ದ್ರಾವಣ ಅಂಚನ್ನಷ್ಟೇ ಹೆಚ್ಚು ಕಪ್ಪಾಗಿಸುತ್ತದೆ.

ಹಾಳೆಗಳನ್ನು ಒಳಗಿಟ್ಟು ಉರುಳಿಸುವ ಡ್ರಮ್ ಬಂದದ್ದು ಬಣ್ಣದ ಒತ್ತಾಯದಿಂದ. 1972ರ ಸಿ-41 ವಿಧಾನದಲ್ಲಿ ಡೆವಲಪರ್ 37.8 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು, ಸಮಯ ಬರೀ 3 ನಿಮಿಷ 15 ಸೆಕೆಂಡ್. ಅಗಲ ಬಾಯಿಯ ಟ್ರೇಯಲ್ಲಿ ಆ ಬಿಸಿಯನ್ನು ಹಿಡಿದಿಡುವುದು ಕಷ್ಟ. ಬಣ್ಣದ ಪ್ರಿಂಟಿಗೆಂದು ಬಂದ ಉರುಳೆಗಳಿಗೇ ಜನ ಶೀಟ್ ಫಿಲ್ಮ್ ತುಂಬಿದರು. ಯೊಹಾನೆಸ್ ಬೋಕೆಮ್ಯೂಲ್ 1923ರಲ್ಲಿ ಜರ್ಮನಿಯಲ್ಲಿ ಶುರುಮಾಡಿದ ಜೋಬೊ ಕಂಪನಿ ಫಿಲ್ಮಿಗೇ ಮೀಸಲಾದ ಡ್ರಮ್ ಮಾಡಿತು. ಹಾಳೆಗಳಿಗೆಂದು ಒಳಗೆ ಬೇರೆ ಬೇರೆ ಕೊಳವೆ. ಒಂದು ಡ್ರಮ್ಮಿನಲ್ಲಿ 4×5 ಇಂಚಿನ ಹತ್ತು ಹಾಳೆ, ಇನ್ನೊಂದರಲ್ಲಿ 8×10ರ ಐದು. ಬೆಚ್ಚನೆ ನೀರಿನಲ್ಲಿ ಮಲಗಿ ಉರುಳುವ ಡ್ರಮ್ಮಿನ ತಳದಲ್ಲಿ ಸ್ವಲ್ಪವೇ ಡೆವಲಪರ್, ಸುತ್ತಿಗೊಮ್ಮೆ ಹಾಳೆ ಅದರಲ್ಲಿ ಮುಳುಗಿ ಏಳುತ್ತದೆ. ಫಿಲ್ಮ್ ತುಂಬುವಾಗಷ್ಟೇ ಕತ್ತಲು ಸಾಕು, ಉಳಿದದ್ದೆಲ್ಲ ದೀಪ ಹಾಕಿಕೊಂಡೇ.

ಬರೀ ಉರುಳಿಸಿದರೆ ಸಾಲದು ಎಂಬುದೂ ಬೇಗನೆ ತಿಳಿಯಿತು. ಒಂದೇ ದಿಕ್ಕಿಗೆ ತಿರುಗಿದರೆ ಅದೇ ಹಳೆಯ ಜಾಡಿನ ಕಾಟ, ಹಾಗಾಗಿ ಮೋಟರ್ ಆಗಾಗ ಹಿಮ್ಮುಖವಾಗಬೇಕು. ಯಂತ್ರ ಮಟ್ಟವಾಗಿ ಕೂರದಿದ್ದರೆ ದ್ರಾವಣ ಒಂದು ಕೊನೆಗೆ ಸರಿದು ಇನ್ನೊಂದು ಕೊನೆ ಬಡವಾಗುತ್ತದೆ. ರಸಮಟ್ಟ ಇಟ್ಟು ನೋಡುವ ಅಭ್ಯಾಸ ಒಳ್ಳೆಯದು. ಮೊದಲು ಐದು ನಿಮಿಷ ಬರೀ ನೀರಿನಲ್ಲಿ ಉರುಳಿಸಿದರೆ ಫಿಲ್ಮ್ ಎಲ್ಲೆಡೆ ಒಂದೇ ಸಮನೆ ನೆನೆಯುತ್ತದೆ. ಹಾಗೆ ನೆನೆಸದಿದ್ದರೆ ಡೆವಲಪರ್ ಸಮಯವನ್ನು ಸುಮಾರು ಶೇಕಡಾ 15ರಷ್ಟು ಕಡಿಮೆ ಮಾಡುವುದು ರೂಢಿ, ಏಕೆಂದರೆ ಉರುಳುವ ಡ್ರಮ್ಮಿನಲ್ಲಿ ವಿಶ್ರಾಂತಿಯೇ ಇಲ್ಲ. ದ್ರಾವಣದಲ್ಲೂ ಜಿಪುಣತನ ಕೂಡದು: ಕೊಡಾಕ್‌ನ ಎಕ್ಸ್‌ಟಾಲ್ ಆದರೆ 8×10ರ ಒಂದು ಹಾಳೆಗೆ ಕನಿಷ್ಠ 100 ಮಿಲಿಲೀಟರ್. ಪೈರೊ ಡೆವಲಪರ್ ಬಳಸುವವರಿಗೆ ಇನ್ನೊಂದು ಗ್ರಹಚಾರ. ತೆಳುವಾಗಿ ಹರಡಿದ ದ್ರಾವಣ ಗಾಳಿಗೆ ಬೇಗ ಕೆಟ್ಟು ಪಟ್ಟೆ ಬರಿಸುತ್ತದೆ.

ದುಬಾರಿ ಯಂತ್ರ ಬೇಡವೆನ್ನುವವರಿಗೆ ಮಿಷಿಗನ್ ವಿಶ್ವವಿದ್ಯಾಲಯದ ಮೇಷ್ಟರಾಗಿದ್ದ ಫಿಲ್ ಡೇವಿಸ್ ಹಾಕಿಕೊಟ್ಟ ಕೊಳವೆಯ ದಾರಿಯಿದೆ. ಎರಡಿಂಚಿನ ಪಿವಿಸಿ ಪೈಪು, ಎರಡು ಮುಚ್ಚಳ. ತೆಂಗಿನ ತೋಟಕ್ಕೆ ನೀರು ಹಾಯಿಸುವ ಅರಸೀಕೆರೆ ಸೀಮೆಯಲ್ಲಿ ಪೈಪಿಗೇನು ಬರ? ಒಳಸುತ್ತಳತೆ ಆರಿಂಚು ಮೀರುವುದರಿಂದ 4×5ರ ಹಾಳೆ ತನ್ನ ಮೇಲೆ ತಾನೇ ಮಡಚಿಕೊಳ್ಳದೆ ಗೋಡೆಗಂಟಿ ಕೂರುತ್ತದೆ. ನೀರಿನ ಟ್ರೇಯಲ್ಲಿ ತೇಲಿಬಿಟ್ಟು ಅಂಗೈಯಲ್ಲಿ ಅತ್ತ ಇತ್ತ ಉರುಳಿಸುತ್ತಿದ್ದರಾಯಿತು.

ಹಾಗಾದರೆ ಹಳೇಬೀಡಿಗೆ ಡ್ರಮ್ಮೇ ಸರಿಯೇ? ಆಕಾಶಕ್ಕೆ ಹೌದು. ಪಶ್ಚಿಮದ ಗೋಡೆಗೆ, ನನ್ನ ಮಟ್ಟಿಗೆ, ಅಲ್ಲ. ಸಂಜೆಯ ಬಿಸಿಲಿನಲ್ಲಿ ಅಲ್ಲಿ ಮೂರ್ತಿಯ ಮೂಗಿನ ತುದಿ ಹೊಳೆಯುತ್ತದೆ, ಹಿಂದಿನ ಕೊರೆತ ಕಗ್ಗತ್ತಲು. ಬಿಡದೆ ಅಲುಗಿಸಿದರೆ ಹೊಳಪು ಮತ್ತೂ ಏರುತ್ತದೆ. ತೆಳುವಾದ ಡೆವಲಪರಿನಲ್ಲಿ ಆಗೊಮ್ಮೆ ಈಗೊಮ್ಮೆ ಮಾತ್ರ ಕದಲಿಸಿದರೆ ಬೆಳಕಿನ ಜಾಗದಲ್ಲಿ ದ್ರಾವಣ ಸೋತು ತಾನೇ ನಿಲ್ಲುತ್ತದೆ, ನೆರಳಿನ ಕಡೆ ಕೆಲಸ ಮುಂದುವರಿಯುತ್ತದೆ, ಕೆತ್ತನೆಯ ಅಂಚೂ ಚೂಪಾಗುತ್ತದೆ.

ಅಗ್ಗವೆಂದು ಎಕ್ಸ್‌ರೇ ಫಿಲ್ಮಿನಲ್ಲೇ ಚಿತ್ರ ತೆಗೆಯುವವರ ಗೋಳು ಬೇರೆ. ಅದರಲ್ಲಿ ಸಾಮಾನ್ಯವಾಗಿ ಎರಡೂ ಮಗ್ಗುಲಿಗೆ ಲೇಪವಿರುತ್ತದೆ. ಡ್ರಮ್ಮಿನ ಗೋಡೆಗೆ ಅಂಟಿದ ಮಗ್ಗುಲಿಗೆ ದ್ರಾವಣ ಸರಿಯಾಗಿ ತಲುಪುವುದಿಲ್ಲ, ಟ್ರೇಯಲ್ಲಿ ಹಾಕಿದರೆ ಅಡಿಮೈ ಗೀರುತ್ತದೆ. ಅವರು ಟ್ರೇಯ ತಳಕ್ಕೆ ನುಣುಪಾದ ಗಾಜು ಹಾಸಿ, ಮಂದ ಕೆಂಪು ದೀಪದಲ್ಲಿ, ಒಂದೊಂದೇ ಹಾಳೆ ಬಿಟ್ಟು ಮೂಲೆ ಎತ್ತಿ ಇಳಿಸುತ್ತಾರೆ.