ಓರೆಯಾದರೆ ಕೆಡುತ್ತದೆಯೇ ಹಾರ್ಡ್ ಡಿಸ್ಕ್?

ಲ್ಯಾಪ್‌ಟಾಪಿಗೆ ಓರೆ ಸ್ಟ್ಯಾಂಡ್ ಕೊಂಡವರಲ್ಲಿ ಕೆಲವರಿಗಾದರೂ ಒಂದು ಅಳುಕು ಉಳಿದಿರುತ್ತದೆ. ಕತ್ತು ನೋವೇನೋ ಕಡಿಮೆಯಾಯಿತು. ಆದರೆ ಒಳಗೆ ಗಿರಗಿರ ತಿರುಗುವ ಹಾರ್ಡ್ ಡಿಸ್ಕ್ ದಿನವಿಡೀ ಹೀಗೆ ವಾಲಿಕೊಂಡಿದ್ದರೆ ಹಾಳಾಗದೇ? ಈ ಅಳುಕು ಬುಡವಿಲ್ಲದ್ದಲ್ಲ. ಒಂದು ಕಾಲಕ್ಕೆ ಅದು ನಿಜವೇ ಆಗಿತ್ತು. ಯಂತ್ರ ಬದಲಾಯಿತು, ಭಯ ಮಾತ್ರ ಉಳಿದುಕೊಂಡಿತು.

ಮೊದಲ ಹಾರ್ಡ್ ಡಿಸ್ಕಿಗೆ ಈ ಪ್ರಶ್ನೆಯೇ ಬರಲಿಲ್ಲ. 1956ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ರೆನಾಲ್ಡ್ ಜಾನ್ಸನ್ ಮುಂದಾಳತ್ವದ ಐಬಿಎಂ ತಂಡ ಹೊರತಂದ ಯಂತ್ರದಲ್ಲಿ 24 ಇಂಚು ಅಗಲದ 50 ತಟ್ಟೆಗಳಿದ್ದವು. ತೂಕ ಸುಮಾರು ಒಂದು ಟನ್. ಹಿಡಿಸುತ್ತಿದ್ದದ್ದು 50 ಲಕ್ಷ ಅಕ್ಷರ. ಅದನ್ನು ಓರೆಯಾಗಿ ಇಡುವ ಯೋಚನೆ ಯಾರಿಗೆ ಬಂದೀತು?

ಪ್ರಶ್ನೆ ಹುಟ್ಟಿದ್ದು ಡಿಸ್ಕ್ ಮೇಜಿನ ಮೇಲೆ ಬಂದಾಗ. 1980ರಲ್ಲಿ ಸೀಗೇಟ್ ಕಂಪನಿ ಐದೂಕಾಲು ಇಂಚಿನ, 5 ಎಂಬಿ ಸಾಮರ್ಥ್ಯದ ಡಿಸ್ಕ್ ಮಾರಲು ತೊಡಗಿತು. ಅದರಲ್ಲಿ ತಟ್ಟೆಯ ಮೇಲೆ ಮಾಹಿತಿ ಓದಿ ಬರೆಯುವ ಹೆಡ್ಡನ್ನು ಸರಿಸುತ್ತಿದ್ದದ್ದು ಸ್ಟೆಪ್ಪರ್ ಮೋಟಾರು. ಕತ್ತಲ ಕೋಣೆಯಲ್ಲಿ ಹೆಜ್ಜೆ ಎಣಿಸಿಕೊಂಡು ಸ್ವಿಚ್ಚಿನ ಬಳಿ ಹೋಗುವವರ ಹಾಗೆ, ಅದು ಲೆಕ್ಕ ಹಾಕಿ ಇಷ್ಟು ಸರಿಯುತ್ತಿತ್ತೇ ಹೊರತು ತಲುಪಿದ ಜಾಗ ಸರಿಯೇ ಎಂದು ನೋಡುತ್ತಿರಲಿಲ್ಲ. ಮಲಗಿಸಿಟ್ಟ ಡಿಸ್ಕನ್ನು ನೆಟ್ಟಗೆ ನಿಲ್ಲಿಸಿದರೆ ಹೆಡ್ ಹೊತ್ತ ತೋಳಿನ ಭಾರ ಬೇರೆ ಕಡೆಗೆ ಬೀಳುತ್ತಿತ್ತು. ಮಾಹಿತಿ ಬರೆದಿಟ್ಟ ಟ್ರ್ಯಾಕಿನಿಂದ ಹೆಡ್ ಕೂದಲೆಳೆಯಷ್ಟು ಜಾರಿದರೂ ಓದುವಾಗ ತಪ್ಪುಗಳು ಕಾಣಿಸಿಕೊಳ್ಳುತ್ತಿದ್ದವು. ಚಳಿಯಲ್ಲಿ ಲೋಹ ಕುಗ್ಗಿದರೂ ಇದೇ ಕಾಟ. ಅದಕ್ಕೇ ಆಗಿನ ತಂತ್ರಜ್ಞರು, ಡಿಸ್ಕ್ ಯಾವ ಭಂಗಿಯಲ್ಲಿ ದುಡಿಯುತ್ತದೋ ಅದೇ ಭಂಗಿಯಲ್ಲಿ ಅದನ್ನು ಫಾರ್ಮ್ಯಾಟ್ ಮಾಡಿ ಎನ್ನುತ್ತಿದ್ದರು. 'ಡಿಸ್ಕ್ ಅಲುಗಿಸಬೇಡಿ, ವಾಲಿಸಬೇಡಿ' ಎಂಬ ಮಾತಿನ ಮೂಲ ಇದು.

ಪರಿಹಾರ ಬಂದದ್ದು ವಾಯ್ಸ್ ಕಾಯಿಲ್ ರೂಪದಲ್ಲಿ. ಸ್ಪೀಕರಿನ ಕೋನನ್ನು ನಡುಗಿಸುವ ತಂತಿಸುರುಳಿ ಮತ್ತು ಅಯಸ್ಕಾಂತದ ತಂತ್ರವೇ ಇಲ್ಲಿ ಹೆಡ್ಡಿನ ತೋಳನ್ನು ಆಡಿಸತೊಡಗಿತು. ದೊಡ್ಡ ಕಂಪ್ಯೂಟರುಗಳಲ್ಲಿ ಮೊದಲೇ ಇದ್ದ ಇದು ಕ್ರಮೇಣ ಸಣ್ಣ ಡಿಸ್ಕುಗಳಿಗೂ ಇಳಿಯಿತು. ಜೊತೆಗೆ ತಟ್ಟೆಯ ಮೇಲೆಯೇ ಗುರುತುಗಳನ್ನು ಬರೆದಿಟ್ಟರು. ಹೆಡ್ ಆ ಗುರುತುಗಳನ್ನು ಓದುತ್ತ, ಜಾರಿದರೆ ಕ್ಷಣಾರ್ಧದಲ್ಲಿ ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ. 1988ರಲ್ಲಿ ಪ್ರೇರಿಟೆಕ್ ಕಂಪನಿ ಎರಡೂವರೆ ಇಂಚಿನ ಡಿಸ್ಕ್ ತಂದಿತು. ಲ್ಯಾಪ್‌ಟಾಪುಗಳಿಗೆ ಒಗ್ಗಿದ್ದು ಆ ಅಳತೆ. 2001ರ ಐಪಾಡಿನಲ್ಲಿ ಇದ್ದದ್ದೂ 1.8 ಇಂಚಿನ ಹಾರ್ಡ್ ಡಿಸ್ಕೇ. ಜನರ ಜೇಬಿನಲ್ಲಿ ಅದು ಅಡ್ಡ, ಉದ್ದ, ತಲೆಕೆಳಗು, ಎಲ್ಲ ಭಂಗಿಯಲ್ಲೂ ಹಾಡಿತು.

ಒಮ್ಮೆ ಡಿಸ್ಕಿನೊಳಗೆ ಇಣುಕಿದರೆ ಸಂಶಯ ಪೂರ್ತಿ ಹೋಗುತ್ತದೆ. ತಟ್ಟೆಯ ಎರಡೂ ಮುಖಗಳಲ್ಲಿ ಬರೆಯುವ ಡಿಸ್ಕಿನಲ್ಲಿ ಕೆಳಮುಖದ ಹೆಡ್, ಲ್ಯಾಪ್‌ಟಾಪ್ ಸಮತಟ್ಟಾಗಿದ್ದಾಗಲೂ ತಲೆಕೆಳಗಾಗಿಯೇ ಕೆಲಸ ಮಾಡುತ್ತಿರುತ್ತದೆ. ಹೆಡ್ಡಿನ ತೂಕ ಮಿಲಿಗ್ರಾಂಗಳ ಲೆಕ್ಕದ್ದು. ಅದನ್ನು ತಟ್ಟೆಯತ್ತ ಒತ್ತುವ ಸ್ಪ್ರಿಂಗಿನ ಬಲ ಗ್ರಾಂಗಳ ಲೆಕ್ಕದ್ದು. ಈ ಒತ್ತಡದ ಮುಂದೆ ಭೂಮಿಯ ಸೆಳೆತ ಯಾವ ದಿಕ್ಕಿಗಿದ್ದರೇನು?

ಅಪಾಯ ಇರುವುದು ಬೇರೆಡೆ. ನಿಮಿಷಕ್ಕೆ 5,400 ಸುತ್ತು ತಿರುಗುವ ಎರಡೂವರೆ ಇಂಚಿನ ಡಿಸ್ಕಿನ ಅಂಚು ಗಂಟೆಗೆ 60 ಕಿ.ಮೀ.ಗೂ ಮೀರಿದ ವೇಗದಲ್ಲಿ ಓಡುತ್ತಿರುತ್ತದೆ. ಹೆಡ್ ಅದರ ಮೇಲೆ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ಗಾಳಿಯ ಪದರದ ಮೇಲೆ ತೇಲುತ್ತಿರುತ್ತದೆ. ಆಗ ಲ್ಯಾಪ್‌ಟಾಪನ್ನು ದಡಕ್ಕನೆ ಇಟ್ಟರೆ, ಇಲ್ಲವೇ ಕೈಜಾರಿ ಬೀಳಿಸಿದರೆ ಹೆಡ್ ತಟ್ಟೆಗೆ ತಾಗಬಹುದು. ಐಬಿಎಂ 2003ರಲ್ಲಿ ತನ್ನ ಥಿಂಕ್‌ಪ್ಯಾಡುಗಳಲ್ಲಿ ಚಲನೆ ಗುರುತಿಸುವ ಸೆನ್ಸರ್ ಅಳವಡಿಸಿ, ಜೋರಾಗಿ ಅಲುಗಿದೊಡನೆ ಹೆಡ್ಡನ್ನು ಸುರಕ್ಷಿತ ಜಾಗಕ್ಕೆ ಸರಿಸುವ ಏರ್ಪಾಡು ಮಾಡಿದ್ದು ಇದಕ್ಕೇ. ಸ್ಟ್ಯಾಂಡಿನ ಮೇಲೆ ಓರೆಯಾಗಿ ಕದಲದೆ ಕುಳಿತ ಡಿಸ್ಕ್, ತೊಡೆಯ ಮೇಲೆ ಕುಲುಕಾಡುವ ಡಿಸ್ಕಿಗಿಂತ ಕ್ಷೇಮ.

ಇನ್ನು ಬಿಸಿಯ ಮಾತು. ಅನೇಕ ಲ್ಯಾಪ್‌ಟಾಪುಗಳು ಗಾಳಿ ಎಳೆದುಕೊಳ್ಳುವುದು ಹೊಟ್ಟೆಯ ಕಿಂಡಿಗಳಿಂದ. ರಬ್ಬರ್ ಕಾಲುಗಳು ಬಿಡುವ ಸಂದು ಕೆಲವೇ ಮಿಲಿಮೀಟರು. ಹಿಂಬದಿ ಎತ್ತಿದರೆ ಆ ಸಂದು ಹಿಗ್ಗಿ ಫ್ಯಾನಿಗೆ ಉಸಿರಾಡಲು ಜಾಗ ಸಿಗುತ್ತದೆ. ಲಾಭ ಇಷ್ಟೇ. ಬಿಸಿ ಗಾಳಿ ತಾನಾಗಿ ಮೇಲೇರುವುದರಿಂದ ಆಗುವ ಉಪಕಾರ, ಫ್ಯಾನಿನ ನೂಕುಬಲದ ಮುಂದೆ ಅಲ್ಪ. ಪ್ರೊಸೆಸರಿನ ಶಾಖವನ್ನು ಫ್ಯಾನಿನ ಬಳಿಗೆ ಒಯ್ಯುವ ತಾಮ್ರದ ಹೀಟ್ ಪೈಪಿನಲ್ಲಿ ದ್ರವ ಆವಿಯಾಗಿ ಹೋಗಿ, ತಣಿದು, ಒಳಗೋಡೆಯ ಸೂಕ್ಷ್ಮ ರಂಧ್ರಗಳ ಪದರದ ಮೂಲಕ ಮರಳುತ್ತದೆ. ಸ್ಟ್ಯಾಂಡಿನ ಸಾಮಾನ್ಯ ಓರೆ ಅದಕ್ಕೆ ಲೆಕ್ಕಕ್ಕಿಲ್ಲ.

ಡಿಸ್ಕಿನ ಮೇಲೆ ಬಿಸಿಯ ಪರಿಣಾಮವೂ ನಾವು ಅಂದುಕೊಂಡಷ್ಟು ನೇರವಲ್ಲ. ತನ್ನ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳ ದಾಖಲೆ ಆಧರಿಸಿ ಗೂಗಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಾಧಾರಣ ಬಿಸಿಗೂ ಡಿಸ್ಕ್ ಕೆಡುವುದಕ್ಕೂ ನಿರೀಕ್ಷಿಸಿದಷ್ಟು ನಂಟು ಕಾಣಲಿಲ್ಲ. ತೀರಾ ಹೆಚ್ಚು ಬಿಸಿ ಮಾತ್ರ ತೊಂದರೆಯದು. ಈಚಿನ ಲ್ಯಾಪ್‌ಟಾಪುಗಳ ಎಸ್‌ಎಸ್‌ಡಿಯಲ್ಲಂತೂ (ಹಾರ್ಡ್ ಡಿಸ್ಕಿನ ಬದಲು ಬಂದದ್ದು) ತಿರುಗುವ ಭಾಗವೇ ಇಲ್ಲ.

ಹಾಗಾಗಿ ಸ್ಟ್ಯಾಂಡ್ ಕೊಳ್ಳುವಾಗ ಓರೆಯ ಚಿಂತೆ ಬಿಡಿ, ಬೆನ್ನುಹಲಗೆ ನೋಡಿ. ತೂತಿಲ್ಲದ ಅಗಲ ಹಲಗೆ ಗಾಳಿಕಿಂಡಿಗಳನ್ನು ಮುಚ್ಚಿಬಿಟ್ಟರೆ ಹಾಸಿಗೆಯ ಮೇಲಿಟ್ಟದ್ದಕ್ಕೂ ಅದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಎತ್ತರಿಸಿದ ಲ್ಯಾಪ್‌ಟಾಪಿಗೆ ಬೇರೆ ಕೀಬೋರ್ಡ್ ಜೋಡಿಸಿ, ಇಲ್ಲವಾದರೆ ಕತ್ತು ಉಳಿದು ಮಣಿಕಟ್ಟು ಸೋಲುತ್ತದೆ. ವರ್ಷಕ್ಕೊಮ್ಮೆಯಾದರೂ ಫ್ಯಾನಿನ ಧೂಳು ತೆಗೆಸಿ. ಹಾರ್ಡ್ ಡಿಸ್ಕಿನ ಹಳೆಯ ಯಂತ್ರ ಇನ್ನೂ ಬಳಸುತ್ತಿದ್ದರೆ, ಚಾಲೂ ಇರುವಾಗ ಎತ್ತಿಕೊಂಡು ಓಡಾಡಬೇಡಿ. ಕಡತಗಳ ಇನ್ನೊಂದು ಪ್ರತಿ ಬೇರೆಡೆ ಇಟ್ಟುಕೊಳ್ಳಿ.