ನೋಡುವವನ ಐವತ್ತೆರಡು ಎಲೆ

ತುಂಗಭದ್ರೆಯ ದಂಡೆಯ ಸಿಂಗಟಾಲೂರಿನಂಥ ಊರುಗಳಲ್ಲಿ, ಗುಡಿಯ ಕಟ್ಟೆಯ ಮೇಲೋ ಬೇವಿನ ಮರದ ನೆರಳಿನಲ್ಲೋ, ಬಿಡುವಿನ ಹೊತ್ತಿಗೆ ಆಟ ಕೂಡುವುದು ಹೊಸತಲ್ಲ. ಆಡುವವರು ಇಬ್ಬರೋ ನಾಲ್ವರೋ ಇದ್ದರೆ ನೋಡುವವರು ಹತ್ತು ಮಂದಿ. ಆಡುವವರು ಯೋಚಿಸುತ್ತಿರುತ್ತಾರೆ, ನೋಡುವವರು ಮಾತನಾಡುತ್ತಿರುತ್ತಾರೆ. ಚೌಕಾಬಾರದಲ್ಲಿ ಈ ಮಾತಿಗೆ ಒಂದು ನ್ಯಾಯವುಂಟು. ಅಲ್ಲಿ ಮನೆಗಳೂ ಕಾಯಿಗಳೂ ಎಲ್ಲರ ಕಣ್ಣೆದುರಿಗೇ ಇರುತ್ತವೆ. ಆಡುವವನಿಗೆ ತಿಳಿದಷ್ಟೂ ನೋಡುವವನಿಗೂ ತಿಳಿದಿರುತ್ತದೆ. ಇಸ್ಪೀಟಿನಲ್ಲಿ ಹಾಗಲ್ಲ. ಪ್ರತಿಯೊಬ್ಬನೂ ತನ್ನ ಎಲೆಗಳನ್ನು ಮರೆಮಾಡಿ ಹಿಡಿದಿರುತ್ತಾನೆ. ಒಬ್ಬನ ಬೆನ್ನ ಹಿಂದೆ ನಿಂತವನಿಗೆ ಆ ಒಬ್ಬನ ಎಲೆಗಳಷ್ಟೇ ಕಾಣುತ್ತವೆ. ಈ ಶತಮಾನದಲ್ಲಿ ಇನ್ನೊಂದು ಬಗೆಯ ನೋಟಕ ಹುಟ್ಟಿಕೊಂಡಿದ್ದಾನೆ. ಆತ ತನ್ನ ಮನೆಯಲ್ಲಿ ಕುಳಿತು, ಅಂಗೈಯಗಲದ ಮೊಬೈಲಿನಲ್ಲಿ, ಸಾವಿರಾರು ಮೈಲಿ ದೂರದ ನಾಲ್ವರು ಆಡುವ ಬ್ರಿಜ್ ಆಟವನ್ನು ನೋಡುತ್ತಾನೆ. ನಾಲ್ವರ ಎಲೆಗಳನ್ನೂ ಒಟ್ಟಿಗೆ ನೋಡುತ್ತಾನೆ. ಆತನನ್ನು ಕುರಿತು ಕೆಲವು ಮಾತು ಹೇಳಬೇಕೆಂದಿದ್ದೇನೆ.

ಮೊದಲು ಆಟದ ಪರಿಚಯ. ಬ್ರಿಜ್ ನಾಲ್ವರ ಆಟ. ಎದುರುಬದುರು ಕುಳಿತವರು ಜೊತೆಗಾರರು. 52 ಎಲೆಗಳನ್ನು ಹಂಚಿದರೆ ಒಬ್ಬೊಬ್ಬನಿಗೆ 13. ನಾಲ್ವರೂ ಒಂದೊಂದು ಎಲೆ ಇಳಿಸಿದರೆ ಒಂದು ಸುತ್ತು. ಅಂಥ ಸುತ್ತುಗಳೂ 13. ಎಷ್ಟು ಸುತ್ತು ಗೆಲ್ಲುತ್ತೇವೆ, ಯಾವ ರಂಗು ತುರುಫು ಎಂಬುದನ್ನು ಮೊದಲೇ ಹರಾಜಿನ ರೀತಿಯಲ್ಲಿ ಕೂಗಿ ಒಪ್ಪಂದ ಮಾಡಿಕೊಳ್ಳಬೇಕು. ಒಪ್ಪಂದ ಗೆದ್ದವನ ಎಡಗಡೆಯವನು ಮೊದಲ ಎಲೆ ಇಳಿಸಿದೊಡನೆ, ಗೆದ್ದವನ ಜೊತೆಗಾರ ತನ್ನ ಎಲೆಗಳನ್ನೆಲ್ಲ ಮೇಜಿನ ಮೇಲೆ ಬಿಚ್ಚಿಟ್ಟು ಸುಮ್ಮನಾಗುತ್ತಾನೆ. ಆತನಿಗೆ ಡಮ್ಮಿ ಎಂದು ಹೆಸರು. ಈಗಿನ ಬ್ರಿಜ್ಜಿಗೆ ಈ ರೂಪ ಬಂದುದು 1925ರಲ್ಲಿ, ಅಮೆರಿಕದ ಹೆರಾಲ್ಡ್ ವ್ಯಾಂಡರ್‌ಬಿಲ್ಟ್ ಎಂಬಾತನಿಂದ. ದೊಡ್ಡ ಪಂದ್ಯಗಳಲ್ಲಿ ಅವೇ ಎಲೆಗಳನ್ನು ಬೇರೆ ಬೇರೆ ಮೇಜುಗಳಲ್ಲಿ ಬೇರೆಯವರಿಂದ ಆಡಿಸಿ ಫಲವನ್ನು ಹೋಲಿಸುವುದರಿಂದ ಅದೃಷ್ಟದ ಪಾಲು ಬಹಳ ಕಡಮೆಯಾಗುತ್ತದೆ. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ನಮ್ಮ ದೇಶದ ಪ್ರಣಬ್ ಬರ್ಧನ್, ಶಿಬ್‌ನಾಥ್ ಸರ್ಕಾರ್ ಜೋಡಿ ಚಿನ್ನದ ಪದಕ ಗೆದ್ದದ್ದು ಈ ಆಟದಲ್ಲಿಯೇ.

ಮೇಜಿನ ಬಳಿ ಕುಳಿತ ನೋಟಕನಿಗೆ ಬ್ರಿಜ್ಜಿನ ನಿಯಮಾವಳಿ ಕಟ್ಟಳೆಗಳನ್ನು ವಿಧಿಸಿದೆ. ವಿಶೇಷ ಅನುಮತಿ ಇಲ್ಲದೆ ಒಬ್ಬನಿಗಿಂತ ಹೆಚ್ಚು ಆಟಗಾರರ ಎಲೆಗಳನ್ನು ಆತ ನೋಡುವಂತಿಲ್ಲ. ಆಟ ನಡೆದಿರುವಾಗ ಮೆಚ್ಚುಗೆಯನ್ನಾಗಲಿ ಬೇಸರವನ್ನಾಗಲಿ ಮುಖದಲ್ಲಿ ತೋರುವಂತಿಲ್ಲ. ಕೆನಡಾದ ಆಟಗಾರ ಫ್ರೆಡ್ ಗಿಟೆಲ್‌ಮನ್ ಕಟ್ಟಿದ ‘ಬ್ರಿಜ್ ಬೇಸ್ ಆನ್‌ಲೈನ್’ ಎಂಬ ಅಂತರ್ಜಾಲದ ಆಟದ ಮನೆಯಲ್ಲಿ ಈ ಕಟ್ಟಳೆಗಳು ಸಡಿಲಗೊಂಡವು. ಜಗತ್ತಿನ ಶ್ರೇಷ್ಠ ಆಟಗಾರರ ಮೇಜಿನ ಸುತ್ತ ಅಲ್ಲಿ ಸಾವಿರಾರು ಮಂದಿ ಅದೃಶ್ಯರಾಗಿ ನೆರೆಯಬಹುದು. ತಮ್ಮತಮ್ಮಲ್ಲೇ ಟೀಕೆ ಮಾಡಬಹುದು. ಆಟಗಾರರಿಗೆ ಅದು ಕೇಳಿಸದು. ಆಟ ಕಲಿಯುವವನಿಗೆ ಇದಕ್ಕಿಂತ ದೊಡ್ಡ ಪಾಠಶಾಲೆಯಿಲ್ಲ. ಆದರೆ ಈ ಪಾಠಶಾಲೆಯಲ್ಲಿ ಒಂದು ಮೋಸವೂ ಇದೆ.

ಒಂದು ಉದಾಹರಣೆ ನೋಡೋಣ. ಒಪ್ಪಂದ ಗೆದ್ದವನಲ್ಲಿಯೂ ಡಮ್ಮಿಯಲ್ಲಿಯೂ ಕೂಡಿ ಒಂದು ರಂಗಿನ 11 ಎಲೆಗಳಿವೆ. ಡಮ್ಮಿಯಲ್ಲಿ ಎಕ್ಕವೂ ರಾಣಿಯೂ ಇವೆ. ಎದುರಾಳಿಗಳಲ್ಲಿರುವುದು ರಾಜ ಮತ್ತು ಒಂದು ಸಣ್ಣ ಎಲೆ. ಆಟಗಾರ ತನ್ನ ಕೈಯಿಂದ ಸಣ್ಣ ಎಲೆ ಇಳಿಸುತ್ತಾನೆ. ಎಡಗಡೆಯವನು ಆ ಸಣ್ಣ ಎಲೆಯನ್ನು ಹಾಕುತ್ತಾನೆ. ಈಗ ಡಮ್ಮಿಯಿಂದ ಹಾಕಬೇಕಾದುದು ಎಕ್ಕವೋ ರಾಣಿಯೋ? ರಾಜ ಎಡಗಡೆಯವನಲ್ಲಿಯೇ ಇದ್ದರೆ ರಾಣಿ ಗೆಲ್ಲುತ್ತದೆ. ಬಲಗಡೆಯವನಲ್ಲಿ ಒಂಟಿಯಾಗಿದ್ದರೆ ಎಕ್ಕಕ್ಕೆ ಉದುರುತ್ತದೆ. ಬೇರೆ ಸುಳಿವೇನೂ ಇಲ್ಲದಿದ್ದರೆ ಲೆಕ್ಕ ಹೀಗೆ: ಎಡಗಡೆಯವನ 13 ಎಲೆಗಳಲ್ಲಿ ಒಂದು ಗೊತ್ತಾಯಿತು, ಉಳಿದ ಸ್ಥಾನ 12. ಬಲಗಡೆಯವನಲ್ಲಿ ಇನ್ನೂ 13. ಒಟ್ಟು 25 ಸ್ಥಾನಗಳಲ್ಲಿ ರಾಜ ಬಲಗಡೆ ಇರುವ ಸಾಧ್ಯತೆ 13, ಎಂದರೆ ನೂರಕ್ಕೆ 52. ಆದುದರಿಂದ ಬಲ್ಲವನು ಎಕ್ಕವನ್ನೇ ಹಾಕುತ್ತಾನೆ.

ಹಾಗೆ ಹಾಕಿದಾಗ ನೂರಕ್ಕೆ 48 ಸಲ ಆತ ತಪ್ಪುತ್ತಾನೆ. ರಾಜ ಎಡಗಡೆಯವನ ಕೈಯಲ್ಲಿ ಕುಳಿತಿರುವುದು ನೋಟಕನಿಗೆ ಮೊದಲಿನಿಂದಲೂ ಕಾಣುತ್ತಿದೆ. ‘ಇಷ್ಟೂ ತಿಳಿಯದೆ ಹೋಯಿತೆ!’ ಎಂದು ಆತ ಉದ್ಗರಿಸುತ್ತಾನೆ. ಆಟಗಾರ ಮಾಡಿದ್ದು ಸರಿ, ಫಲ ಮಾತ್ರ ಕೆಟ್ಟಿತು ಎಂಬ ವಿವೇಕ ಐವತ್ತೆರಡು ಎಲೆಗಳನ್ನೂ ಕಂಡವನಿಗೆ ಹೊಳೆಯುವುದು ಕಷ್ಟ. ಇದಕ್ಕಿಂತ ವಿಚಿತ್ರವಾದುದೆಂದರೆ, ಲೆಕ್ಕ ಮರೆತು ರಾಣಿಯನ್ನು ಹಾಕಿ ಗೆದ್ದವನನ್ನು ಇದೇ ನೋಟಕ ಜಾಣನೆಂದು ಹೊಗಳುತ್ತಾನೆ.

ಇಂಥ ನೋಟಕನಿಗೆ ಇಂಗ್ಲಿಷಿನವರು ಯಿದ್ದಿಶ್ ಭಾಷೆಯಿಂದ ಪಡೆದ ‘ಕಿಬಿಟ್ಸರ್’ ಎಂಬ ಹೆಸರನ್ನು ಬಳಸುತ್ತಾರೆ. ಇದರ ಹಿಂದಿರುವ ಜರ್ಮನ್ ಶಬ್ದ ‘ಕೀಬಿಟ್ಸ್’ ಒಂದು ಹಕ್ಕಿಯ ಹೆಸರೂ ಹೌದು. ಅದು ನಮ್ಮ ಹೊಳೆದಂಡೆಗಳಲ್ಲಿ ಯಾರು ಸುಳಿದರೂ ಕೂಗೆಬ್ಬಿಸುವ ಟಿಟ್ಟಿಭದ ಬಳಗದ್ದು. ಬೀಳುವ ಆಕಾಶವನ್ನು ತಡೆಯುತ್ತೇನೆಂದು ಟಿಟ್ಟಿಭ ಕಾಲುಗಳನ್ನು ಮೇಲೆತ್ತಿ ಮಲಗುತ್ತದೆಂಬ ಹಳೆಯ ಮಾತು ನಮ್ಮಲ್ಲಿದೆ. ತನ್ನ ಸಲಹೆಯಿಲ್ಲದೆ ಆಟ ಕುಸಿದೀತೆಂದು ನಂಬಿದ ನೋಟಕನಿಗೆ ಈ ಹೆಸರು ಚೆನ್ನಾಗಿಯೇ ಒಪ್ಪುತ್ತದೆ.

ಇಲ್ಲಿಯವರೆಗಿನದು ನಗೆಯ ಮಾತು. 2020ರಲ್ಲಿ ಕೊರೋನಾ ಪಿಡುಗು ಕ್ಲಬ್ಬುಗಳ ಬಾಗಿಲು ಮುಚ್ಚಿಸಿದಾಗ ಪಂದ್ಯಗಳೆಲ್ಲ ಅಂತರ್ಜಾಲಕ್ಕೆ ಸರಿದವು. ಆಗ ನಗೆ ಮಾಸಿತು. ಕೆಲವು ಹೆಸರಾಂತ ಆಟಗಾರರೇ ಇನ್ನೊಂದು ಹೆಸರಿನಿಂದ ತಮ್ಮ ಮೇಜಿಗೇ ನೋಟಕರಾಗಿ ಬಂದು, ಎದುರಾಳಿಗಳ ಎಲೆಗಳನ್ನು ಕಂಡು ಆಡಿದ್ದು ಬಯಲಾಯಿತು, ತಪ್ಪೊಪ್ಪಿಕೊಂಡವರೂ ಉಂಟು. ಆಮೇಲೆ ಕೆಲವು ಪಂದ್ಯಗಳಲ್ಲಿ ನೋಟಕರಿಗೆ ಪ್ರವೇಶ ನಿಲ್ಲಿಸಿದರು. ಕೆಲವನ್ನು ತಡಮಾಡಿ ತೋರಿಸತೊಡಗಿದರು. ನೋಟಕನ ಕಣ್ಣು ಆಟಗಾರನಿಗೆ ದೊರೆತ ಕ್ಷಣವೇ ಆಟ ಸತ್ತಿತು. ತಿಳಿಯದೆಯೂ ನಿರ್ಧರಿಸಬೇಕಾದ ಸಂಕಟವೇ ಬ್ರಿಜ್ಜಿನ ಜೀವಾಳ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಹಾಗಾದರೆ ನೋಡುವುದು ಹೇಗೆ? ಅನುಭವಸ್ಥರು ಹೇಳುವ ಉಪಾಯ ಸುಲಭವಾದುದು. ಒಬ್ಬ ಆಟಗಾರನನ್ನು ಆರಿಸಿಕೊಂಡು ಆತನ ಎಲೆಗಳನ್ನೂ, ಬಿಚ್ಚಿದ ಮೇಲೆ ಡಮ್ಮಿಯ ಎಲೆಗಳನ್ನೂ ಮಾತ್ರ ನೋಡಬೇಕು; ಉಳಿದವನ್ನು ಮರೆಮಾಡಬೇಕು. ಆತ ಎಲೆ ಇಳಿಸುವ ಮುನ್ನ ನಾನಾಗಿದ್ದರೆ ಯಾವುದನ್ನು ಇಳಿಸುತ್ತಿದ್ದೆನೆಂದು ನಿಶ್ಚಯಿಸಿಕೊಳ್ಳಬೇಕು. ಒಂದು ಸಂಜೆ ಹೀಗೆ ನೋಡಿದವನ ಮಾತು ತಾನಾಗಿಯೇ ಕಡಮೆಯಾಗುತ್ತದೆ.

ಮುಂಡರಗಿ ಸೀಮೆಯ ಎರೆಹೊಲದ ರೈತ ಮೃಗಶಿರೆಯ ಮೊದಲ ಹನಿಗೆ ಹೆಸರು ಬಿತ್ತುತ್ತಾನೆ. ಮುಂದೆ ಮಳೆ ಹಿಂದೆಗೆದು ಬೆಳೆ ಬಾಡುತ್ತದೆ. ‘ಇನ್ನೆಂಟು ದಿನ ತಾಳಬಾರದಿತ್ತೆ?’ ಎಂದು ಕಟ್ಟೆಯ ಮೇಲಿನವರು ಆಗ ಕೇಳುತ್ತಾರೆ. ಕೇಳುವವರ ಮುಂದೆ ಇಡೀ ಮುಂಗಾರು ಬಿಚ್ಚಿ ಬಿದ್ದಿದೆ. ಬಿತ್ತಿದ ದಿನ ಆತನ ಕೈಯಲ್ಲಿದ್ದುದು ಒದ್ದೆಯಾದ ನೆಲ, ಮೋಡ, ಹಿಂದಿನ ವರ್ಷಗಳ ನೆನಪು, ಇಷ್ಟೇ. ಆತನ ತೀರ್ಮಾನವನ್ನು ತೂಗಬೇಕಾದರೆ ಆ ದಿನದ ಬದುವಿನ ಮೇಲೆ ನಾವೂ ಒಮ್ಮೆ ಹೋಗಿ ನಿಲ್ಲಬೇಕು.